ಲೇಖಕರಿಗಿಂತ ಮೊದಲು ಪುಸ್ತಕ ಊರಿಗೆ ಬರಲಿ

ನಮ್ಮೂರಲ್ಲಿ ಓದುವ ಕೂಟದ ದಿನವನ್ನು ಗೊತ್ತು ಮಾಡುವುದು ರೇಷ್ಮೆ ಹುಳು. ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕೂತರೆ ಒಂದು ದಿನ, ಚಳಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ಸೊಪ್ಪು ಹಾಕುವ ಹಾಗಿಲ್ಲ. ಆ ಸಂಜೆ ಮನೆಯ ಹೆಂಗಸರಿಗೆ ಎರಡು ಗಂಟೆ ಬಿಡುವು ಸಿಗುತ್ತದೆ. ಜ್ವರ ಬಿಟ್ಟು ಎದ್ದ ಮೇಲೆ ಒಂದು ವಾರ ಹಗಲೂ ರಾತ್ರಿಯೂ ಸೊಪ್ಪೇ ಸೊಪ್ಪು. ಆಗ ಯಾರನ್ನೂ ಕರೆಯಬಾರದು. ಒಂದೇ ದಿನ ಚಾಕಿ ಹುಳು (ಸಾಕಲು ತರುವ ಎಳೆ ಹುಳು) ತಂದ ಮನೆಗಳನ್ನು ಬರೆದಿಟ್ಟುಕೊಂಡರೆ ಕೂಟದ ದಿನ ತಾನಾಗಿ ಸಿಗುತ್ತದೆ. ಹೊತ್ತು ಏಳು ಗಂಟೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ. ನಿಮ್ಮೂರಿನದು ಟೊಮೆಟೊ ಬೆಳೆಯಾದರೆ ಮಾರ್ಕೆಟ್ಟಿಗೆ ಲೋಡು ಹೋಗುವ ದಿನ ಬಿಟ್ಟು ನೋಡಿ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದಿದೆ. 2020ರಲ್ಲಿ ಮಕ್ಕಳ ಓದಿನ ಕಾರ್ಯಕ್ರಮ ‘ಓದುವ ಬೆಳಕು’ ಶುರುವಾದ ಮೇಲೆ ಮಕ್ಕಳು ಬಂದು ಕೂತು ಓದುವುದು ರೂಢಿಯಾಯಿತು. ದೊಡ್ಡವರನ್ನು ಕರೆತರಲು ನಾನು ಮಾಡಿದ ಮೊದಲ ಪ್ರಯತ್ನ ಮಾತ್ರ ಕೆಟ್ಟುಹೋಯಿತು. ಶಾಮಿಯಾನ, ಮೈಕು, ಹಾರ, ಶಾಲು ಎಲ್ಲಾ ಇತ್ತು. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಹಾಲಿನ ಹೊತ್ತಾಗಿ ಜನ ಎದ್ದರು. ಲೇಖಕರು ಹತ್ತು ನಿಮಿಷ ಮಾತಾಡಿದರು. ಅವರ ಒಂದು ಪುಟವನ್ನೂ ಅಲ್ಲಿದ್ದ ಯಾರೂ ಓದಿರಲಿಲ್ಲ. ಅವರು ಬಸ್ಸು ಹತ್ತುವಾಗ ನನಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ: ಮೊದಲು ಪುಸ್ತಕ ಮನೆಮನೆ ಸುತ್ತಬೇಕು, ಲೇಖಕರು ಎರಡು ತಿಂಗಳು ಬಿಟ್ಟು ಬಂದರೆ ಸಾಕು.

ಪುಸ್ತಕ ಆರಿಸುವಾಗ ಕಾದಂಬರಿಗೆ ಕೈ ಹಾಕಬೇಡಿ. ಕಥಾಸಂಕಲನ ಒಳ್ಳೆಯದು. ಗಟ್ಟಿಯಾಗಿ ಓದಿದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕಥೆ ಇರಲಿ, ಹೋದ ಸಲ ಬಾರದವರೂ ಈ ಸಲ ಬಂದು ಕೂರಬಹುದು. ನಾವು ಆರಂಭಿಸಿದ್ದು ಮಾಸ್ತಿಯವರ ಕಥೆಗಳಿಂದ. ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರು, ‘ಶ್ರೀನಿವಾಸ’ ಅಂತ ಬರೆಯುತ್ತಿದ್ದರು ಅಂದಾಗಲೇ ಹಿರಿಯರು ಮುಂದೆ ಬಂದು ಕೂತರು.

ಪ್ರತಿಗಳನ್ನು ಕೊಂಡೇ ತನ್ನಿ, ಇಡೀ ಪುಸ್ತಕ ಜೆರಾಕ್ಸ್ ಮಾಡಿಸಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಾಸ್ತಿ ತೀರಿಕೊಂಡದ್ದು 1986ರಲ್ಲಿ. ಇಪ್ಪತ್ತೈದು ಜನರ ಕೂಟಕ್ಕೆ ಎಂಟು ಪ್ರತಿ ಸಾಕು, ಒಂದು ಮನೆಗೆ ನಾಲ್ಕು ದಿನ. ರಾಜ್ಯೋತ್ಸವದ ಹೊತ್ತಿನ ರಿಯಾಯಿತಿ ಮಾರಾಟದಲ್ಲಿ ಕೊಂಡರೆ ಖರ್ಚು ಇಳಿಯುತ್ತದೆ. ನಮ್ಮಲ್ಲಿ ಒಂದು ಪ್ರತಿ ವಾಪಸು ಬಂದಾಗ ನಡುವೆ ಒಣಗಿದ ಹಿಪ್ಪುನೇರಳೆ ಎಲೆ ಇತ್ತು, ಅಂಚಿಗೆ ಸೊಪ್ಪಿನ ಹಸಿರು ಕರೆ. ಸೊಪ್ಪು ಹಾಕುವ ನಡುವೆ ಓದಿದ್ದಾರೆ. ಆ ಎಲೆಯನ್ನು ನಾನು ತೆಗೆದಿಲ್ಲ.

ಕೂಟದಲ್ಲಿ ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಹಿಂದೆ ಚಾವಡಿಯಲ್ಲಿ ಭಾರತ ಓದಿಸಿ ಕೇಳುತ್ತಿದ್ದ ಪದ್ಧತಿಯೇ ಇದು, ಹೊಸದೇನಲ್ಲ. ಹೈಸ್ಕೂಲು ಹುಡುಗಿಯರ ಕೈಲಿ ಓದಿಸಿ. ಮಗಳು ಓದುತ್ತಾಳೆ ಅಂದರೆ ಅಮ್ಮ ಬಂದೇ ಬರುತ್ತಾಳೆ. ಎರಡು ದಿನ ಮುಂಚೆ ಒಮ್ಮೆ ಓದಿಸಿ ನೋಡಿ, ಎಲ್ಲಿ ಉಸಿರು ನಿಲ್ಲಿಸಬೇಕು ಅಂತ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಡಿ. ಓದಿದ ಮೇಲೆ ‘ಕಥೆಯ ಸಾರಾಂಶವೇನು’ ಅಂತ ಕೇಳಿದರೆ ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಮುದುರಿಕೊಳ್ಳುತ್ತಾರೆ. ‘ಆ ಸೊಸೆ ಮಾಡಿದ್ದು ಸರಿಯಾ?’ ಅಂತ ಕೇಳಿ ಸುಮ್ಮನಿರಿ. ನಮ್ಮ ಕಡೆ ಮನೆಮಾತು ತೆಲುಗು ಇರುವವರು ಬಹಳ. ಕಥೆ ಕನ್ನಡದಲ್ಲಿ ಓದಲಿ, ಮಾತು ತೆಲುಗಿನಲ್ಲೇ ಆಡಲಿ, ತಡೆಯಬೇಡಿ.

ಹೀಗೆ ಎರಡು ತಿಂಗಳು ಈಗ ಬರೆಯುತ್ತಿರುವ ಒಬ್ಬರದೇ ಕಥೆಗಳನ್ನು ಓದಿಯಾದ ಮೇಲೆ ಅವರಿಗೆ ಪತ್ರ ಬರೆಯಿರಿ. ಪತ್ರದಲ್ಲಿ ಯಾವ ಕಥೆ ಓದಿದೆವು, ಯಾರು ಏನಂದರು ಅಂತ ಎರಡು ಸಾಲು ಇರಲಿ. ಗೌರವಧನ ಎಷ್ಟು, ಓಡಾಟದ ಖರ್ಚು ಯಾರದು ಅನ್ನುವುದನ್ನು ಮೊದಲೇ ಹೇಳಿಬಿಡಿ. ಶಾಲಿನ ದುಡ್ಡನ್ನು ಅದಕ್ಕೆ ಸೇರಿಸಿ. ವೇದಿಕೆ ಬೇಡ. ಜಮಖಾನ ಹಾಸಿ ಎಲ್ಲರೂ ಸುತ್ತ ಕೂರಿ, ಮಂಡಿ ನೋವಿನವರಿಗೆ ನಾಲ್ಕು ಕುರ್ಚಿ ಇಟ್ಟರಾಯಿತು. ಪಂಚಾಯಿತಿ ಅಧ್ಯಕ್ಷರು ಬಂದರೆ ಅವರ ಕೈಗೂ ಒಂದು ಪುಟ ಕೊಟ್ಟು ಓದಲು ಹೇಳಿ. ನಮ್ಮ ಅಧ್ಯಕ್ಷರು ಖುಷಿಯಿಂದ ಓದಿದರು, ಭಾಷಣ ಮಾಡಲಿಲ್ಲ. ಮಾತಾಡಲು ಹಿಂಜರಿಯುವವರು ಚೀಟಿಯಲ್ಲಿ ಬರೆದುಕೊಡಲಿ.

ಈ ಸಲ ಬಂದವರು ಬೆಂಗಳೂರಿನ ಒಬ್ಬ ಕಥೆಗಾರ್ತಿ. ಅವರ ಕಥೆಯೊಂದರಲ್ಲಿ ಹುಳುಮನೆ ಬರುತ್ತದೆ. ಓದು ಮುಗಿದ ಮೇಲೆ, ಎರಡು ತಿಂಗಳಲ್ಲಿ ಒಮ್ಮೆಯೂ ಬಾಯಿ ಬಿಡದ ಒಬ್ಬ ಹೆಂಗಸು ಹಿಂದಿನಿಂದ ಎದ್ದು ನಿಂತರು.

‘ಮೇಡಮ್ನೋರೇ, ಹುಳುಮನೇಲಿ ಸೊಳ್ಳೆಬತ್ತಿ ಹಚ್ಚಿದ್ಲು ಅಂತ ಬರ್ದಿದೀರ. ನಾವು ಹಚ್ಚಲ್ಲ. ಆ ಹೊಗೆಗೆ ಹುಳ ಸಾಯ್ತವೆ.’

ಕೂಟವೆಲ್ಲಾ ಸುಮ್ಮನಾಯಿತು. ಕಥೆಗಾರ್ತಿ ಚೀಲದಿಂದ ಪೆನ್ನು ತೆಗೆದು ತಮ್ಮ ಪ್ರತಿಯಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದರು. ‘ಮತ್ತೆ ಸೊಳ್ಳೆಗೆ ಏನ್ಮಾಡ್ತೀರಮ್ಮಾ?’ ಅಂದರು. ‘ಬಾಗಿಲಿಗೆ ಬಲೆ. ಬನ್ನಿ, ತೋರಿಸ್ತೀನಿ.’

ಆಮೇಲೆ ನಾನು ಏನನ್ನೂ ನಡೆಸಬೇಕಾಗಲಿಲ್ಲ. ಅರ್ಧ ಜನ ಅವರ ಜೊತೆ ಹುಳುಮನೆಗೆ ಹೋದರು. ಮುದ್ದೆ, ಬಸ್ಸಾರಿನ ಊಟ ಅಲ್ಲೇ ಆಯಿತು. ಕೊಂಡ ಪುಸ್ತಕಗಳಿಗೆ ಅವರು ರುಜು ಹಾಕುವಾಗ ಒಳಗೆ ಹುಳು ಜ್ವರದಿಂದ ಏಳತೊಡಗಿದ್ದವು, ಮನೆಯವರು ಸೊಪ್ಪಿಗೆ ಎದ್ದರು.