ಗುರುತು ಸಿಗದಂತೆ ಮುಜುಗರದ ಕಥೆ ಬರೆಯುವುದು: ನನ್ನ ಅನುಭವ

ನನ್ನ ಬದುಕಿನ ಮುಜುಗರದ ಪ್ರಸಂಗಗಳನ್ನು ಅಂತರ್ಜಾಲದಲ್ಲಿ ಹೆಸರಿಲ್ಲದೆ ಹಂಚಿಕೊಳ್ಳಲು ತೊಡಗಿ ಸುಮಾರು ನಾಲ್ಕು ವರ್ಷಗಳಾದವು. ಇದುವರೆಗೆ 60ರ ಆಸುಪಾಸು ಕಥೆಗಳಾಗಿವೆ. ಮೊದಲ 20ರಲ್ಲಿ ಐದೋ ಆರೋ ಕಥೆಗಳನ್ನು ಬರೆದವನು ನಾನೇ ಎಂದು ಪರಿಚಿತರು ಕಂಡುಹಿಡಿದರು. ಆಮೇಲಿನ 40ರಲ್ಲಿ ಒಂದೂ ಬಯಲಾಗಿಲ್ಲ. ವಿವರ ಬದಲಿಸಿದರೆ ನಗು ಸಾಯುತ್ತದೆ, ಬದಲಿಸದಿದ್ದರೆ ಗುರುತು ಉಳಿಯುತ್ತದೆ, ಎರಡನ್ನೂ ಒಟ್ಟಿಗೆ ಸಾಧಿಸಲಾಗದು ಎಂದು ಇದೇ ಹವ್ಯಾಸದ ಗೆಳೆಯರು ಹಟ ಹಿಡಿದು ವಾದಿಸಿದ್ದರು. ಸಾಧಿಸಬಹುದು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಮೊದಲ ವರ್ಷ ಹಣವೆಲ್ಲ ಸಲ್ಲದ ಕಡೆ ಹೋಯಿತು. ಇನ್ನೊಂದು ಫೋನು, ಇನ್ನೊಂದು ಸಂಖ್ಯೆ, ಅಂತರ್ಜಾಲ ಸಂಪರ್ಕದ ವಿಳಾಸ ಮರೆಮಾಡುವ ವಿಪಿಎನ್ ಸೇವೆಗೆ ಇಡೀ ವರ್ಷದ ಚಂದಾ ಸೇರಿ ಒಂದು ತಿಂಗಳ ಸಂಬಳದ ಮೂರನೆಯ ಒಂದು ಭಾಗ ಖರ್ಚಾಯಿತು. ಆದರೆ ನನ್ನನ್ನು ಗುರುತಿಸಿದವರಲ್ಲಿ ಒಬ್ಬರೂ ಆ ಸಂಪರ್ಕದ ವಿಳಾಸದ (ಐಪಿ) ಬೆನ್ನು ಹತ್ತಿದವರಲ್ಲ. ಒಬ್ಬ ಸಹೋದ್ಯೋಗಿ, ಒಂದೇ ಕಥೆಯಲ್ಲಿ ಮೂರು ಸಲ ಬಂದ ‘ಹಾಗೆ ನೋಡಿದರೆ’ ಎಂಬ ಮಾತಿನಿಂದಲೇ ನನ್ನನ್ನು ಹಿಡಿದರು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದ ಲೇಖನಗಳ ಪೈಕಿ ವಿವಾದಿತವಾದವುಗಳನ್ನು ಯಾರು ಬರೆದರೆಂಬುದನ್ನು ಮೊಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಇಂಥ ಸಣ್ಣಪುಟ್ಟ ಪದಗಳನ್ನು ಎಣಿಸಿಯೇ ನಿರ್ಣಯಿಸಿದ್ದರು. ಅವರು ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಜೊತೆಯಲ್ಲಿ ಕೆಲಸ ಮಾಡುವವರು ಕಿವಿಯಿಂದಲೇ ಹಿಡಿಯುತ್ತಾರೆ. ಅಂದಿನಿಂದ ನನ್ನ ಬಾಯಲ್ಲಿ ಪದೇ ಪದೇ ಬರುವ 30–35 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಕಥೆ ಮುಗಿದ ಮೇಲೆ ಒಂದೊಂದಾಗಿ ಹುಡುಕಿ ತೆಗೆಯುತ್ತೇನೆ. ಈ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡಲಾರೆ.

ಎರಡನೆಯ ಪೆಟ್ಟು ಬಿದ್ದದ್ದು ಚಿತ್ರದಿಂದ. ಮೂಲ ಕಡತವನ್ನೇ ಹಾಕಿದ್ದರಿಂದ ಕ್ಯಾಮೆರಾ ತಾನಾಗಿಯೇ ಅದರೊಳಗೆ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ದಿನ, ವೇಳೆ, ಸ್ಥಳದ ಅಕ್ಷಾಂಶ ರೇಖಾಂಶಗಳೆಲ್ಲ ಹಾಗೆಯೇ ಇದ್ದವು. ಈಗ ಚಿತ್ರ ಹಾಕುವುದನ್ನೇ ಬಿಟ್ಟಿದ್ದೇನೆ. ಮೂರನೆಯದು ಅವಸರದ ಫಲ: ಪ್ರಸಂಗ ನಡೆದ ರಾತ್ರಿಯೇ ಬರೆದು ಹಾಕಿದೆ, ಅಲ್ಲಿದ್ದವರೊಬ್ಬರು ಮರುದಿನವೇ ಓದಿದರು. ಆದ್ದರಿಂದ ಬರೆದ ಕಥೆಯನ್ನು ಕನಿಷ್ಠ ಒಂದು ವರ್ಷ ಪೆಟ್ಟಿಗೆಯಲ್ಲಿಡುತ್ತೇನೆ.

ಇವೆಲ್ಲಕ್ಕಿಂತ ಕಷ್ಟವಾದದ್ದು ಕಥೆಯ ವಿವರಗಳ ಜೋಡಣೆ. 2006ರಲ್ಲಿ ಅಮೆರಿಕದ ಅಂತರ್ಜಾಲ ಸಂಸ್ಥೆ ಎಒಎಲ್ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರಿನ ಬದಲು ಸಂಖ್ಯೆ ಹಾಕಿ ಬಿಡುಗಡೆ ಮಾಡಿದಾಗ, ಪತ್ರಕರ್ತರು ಆ ಹುಡುಕಾಟಗಳನ್ನು ಓದಿಯೇ ಒಬ್ಬ ಮಹಿಳೆಯ ಮನೆಬಾಗಿಲು ತಲುಪಿದ್ದರು. ಬಿಡಿಬಿಡಿಯಾಗಿ ನೋಡಿದರೆ ಏನನ್ನೂ ಹೇಳದ ಸಂಗತಿಗಳು ಒಟ್ಟು ಸೇರಿದಾಗ ಒಬ್ಬರನ್ನೇ ತೋರಿಸುತ್ತವೆ. ವೃತ್ತಿ, ಸಂಬಂಧ, ಜಾಗ ಈ ಮೂರರಲ್ಲಿ ಒಂದನ್ನು ಮಾತ್ರ ಬದಲಿಸುತ್ತಿದ್ದುದೇ ನನ್ನ ತಪ್ಪಾಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಇದರಲ್ಲಿಯೂ ಕೆಲವು ಗುರುತುಗಳನ್ನು ಅಳಿಸಿದ್ದೇನೆ. ಸಾವಿನ ಸುದ್ದಿ ಕೇಳಿ ಸಂತಾಪ ಹೇಳಲು ಹೋದವನು, ಅದೇ ಹೆಸರಿನ ಬೇರೊಬ್ಬರ ಮನೆಯಲ್ಲಿ ಕುಳಿತು ಅರ್ಧ ಗಂಟೆ ಮಾತನಾಡಿದೆ. ನಾನು ‘ತೀರಿಕೊಂಡರು’ ಎಂದುಕೊಂಡಿದ್ದ ಆ ಹೆಸರಿನ ಹಿರಿಯರು ಒಳಕೋಣೆಯಿಂದ ಎದ್ದು ಬರುವವರೆಗೂ ಮನೆಯವರಲ್ಲಿ ಯಾರೂ ನನ್ನನ್ನು ತಡೆಯಲಿಲ್ಲ. ಇದನ್ನು ಮೊದಲ ಸಲ ಮಾರ್ಪಡಿಸಿದಾಗ ಮದುವೆಮನೆಗೆ ತಪ್ಪಿ ಹೋದವನ ಕಥೆಯಾಗಿಸಿದೆ, ಓದಿದವರು ಸುಮ್ಮನಾದರು. ತಪ್ಪಿ ಹೋದದ್ದು ಕಥೆಯ ಜೀವವಲ್ಲವೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ದುಃಖದಲ್ಲಿದ್ದ ನನ್ನನ್ನು ನೋಯಿಸಬಾರದೆಂದು ಆ ಮನೆಯವರು ತಲೆತಗ್ಗಿಸಿ ಕೇಳಿಸಿಕೊಂಡ ಸೌಜನ್ಯದಲ್ಲಿ ಅದರ ಜೀವವಿತ್ತು. ಆ ಸೌಜನ್ಯವನ್ನು ಉಳಿಸಿ ಉಳಿದದ್ದನ್ನೆಲ್ಲ ಕಳಚಿದೆ: ನಿವೃತ್ತಿಯ ಬೀಳ್ಕೊಡುಗೆ, ಬೇರೆ ಕಚೇರಿ, ನಿವೃತ್ತಿಗೆ ಇನ್ನೂ ಹತ್ತು ವರ್ಷವಿರುವ ಒಬ್ಬ ಅಧಿಕಾರಿ, ಕಣ್ಣೀರಿಟ್ಟು ಅವರನ್ನು ಹೊಗಳುವ ಅಪರಿಚಿತ. ನಾನು ಬರೆದವುಗಳಲ್ಲಿ ಅತಿ ಹೆಚ್ಚು ಮಂದಿ ಓದಿ ನಕ್ಕದ್ದು ಇದನ್ನೇ.

ಈಗ ಬರೆಯುವ ಮುನ್ನ, ಆ ಪ್ರಸಂಗದಲ್ಲಿ ಮೈ ಬಿಸಿಯೇರಿದ ಕ್ಷಣ ಯಾವುದು, ಅದಕ್ಕೆ ಕಾರಣ ಯಾರ ಯಾವ ನಡೆ ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ. ಆ ವಾಕ್ಯವನ್ನು ಮುಟ್ಟುವುದಿಲ್ಲ, ಬೇರೆಲ್ಲವನ್ನೂ ಬದಲಿಸುತ್ತೇನೆ. ಕಥೆಯಲ್ಲಿ ಬರುವ ಇತರರು ನನ್ನಂತೆ ಒಪ್ಪಿ ಬಂದವರಲ್ಲವಾದ್ದರಿಂದ, ಅವರ ಗುರುತನ್ನು ನನ್ನದಕ್ಕಿಂತ ಮೊದಲು ಅಳಿಸುತ್ತೇನೆ. ಯಾವುದನ್ನು ಯಾವುದರಿಂದ ಬದಲಿಸಬೇಕೆಂಬುದಕ್ಕೂ ನನ್ನದೊಂದು ಕ್ರಮವಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಯಂತ್ರಾನುವಾದದಿಂದ ಕಥೆಯನ್ನು ಇಂಗ್ಲಿಷಿಗೆ ಒಯ್ದು ಮತ್ತೆ ಕನ್ನಡಕ್ಕೆ ತಂದೆ. ಶೈಲಿಯೇನೋ ಅಳಿಸಿತು, ಜೊತೆಗೆ ನಗುವೂ ಅಳಿಸಿತು. ಧ್ವನಿಯ ಏರಿಳಿತ ಬದಲಿಸಿ ನಾಲ್ಕು ಕಥೆಗಳನ್ನು ಓದಿ ಹಾಕಿದೆ. ಧ್ವನಿ ನನ್ನದಲ್ಲವಾದರೂ ವಾಕ್ಯದ ಕೊನೆಯಲ್ಲಿ ನಿಲ್ಲುವ ರೀತಿ ನನ್ನದೇ ಆಗಿತ್ತೆಂದು ಗೆಳೆಯನೊಬ್ಬ ತೋರಿಸಿಕೊಟ್ಟ ಮೇಲೆ ಅವನ್ನು ತೆಗೆದುಹಾಕಿದೆ. ಹಣ ಕೊಟ್ಟು ಇನ್ನೊಬ್ಬರಿಂದ ತಿದ್ದಿಸುವುದನ್ನು ಎರಡೇ ಕಥೆಗಳಿಗೆ ನಿಲ್ಲಿಸಿದೆ, ಏಕೆಂದರೆ ಗುಟ್ಟು ತಿಳಿದವರ ಸಂಖ್ಯೆ ಅದರಿಂದಲೇ ಹೆಚ್ಚುತ್ತಿತ್ತು.

ಕೊನೆಯ ಪರೀಕ್ಷೆಯನ್ನು ಅಕ್ಕನ ಮೇಲೆ ಮಾಡಿದೆ. ಸಂತಾಪ ಹೇಳಿ ಬಂದ ಆ ದಿನ ಅವಳು ನನ್ನ ಪಕ್ಕದಲ್ಲಿಯೇ ಕುಳಿತಿದ್ದಳು. ಯಾರೋ ಬರೆದದ್ದು ಎಂದು ಬೀಳ್ಕೊಡುಗೆಯ ಕಥೆಯನ್ನು ಕಳುಹಿಸಿದೆ. ಸಂಜೆ ಕರೆ ಮಾಡಿ, ‘ಪಾಪ ಕಣೋ, ಆ ಆಫೀಸಿನವರು ಎಷ್ಟು ಒಳ್ಳೆಯವರು’ ಎಂದಳು. ನಾನು ಹೌದೆಂದೆ. ಪೆಟ್ಟಿಗೆಯಲ್ಲಿ ಈಗ ಇನ್ನೂ ಮೂರು ಕಥೆಗಳಿವೆ, ಒಂದಕ್ಕೆ ವರ್ಷ ತುಂಬಲು ಎರಡು ತಿಂಗಳು ಬಾಕಿಯಿದೆ.