ಇಂಜಿನ್ ಕಟ್ ಮಾಡದೆ ಎರ್ಟಿಗಾ ವಾಪಸ್ ತಂದದ್ದು

ಜಿಪಿಎಸ್ ಇರುವ ಕಾರು ಕಳವಾದರೆ ನಮ್ಮ ಟ್ಯಾಕ್ಸಿ ಲೈನಿನವರು ಮೊದಲು ಮಾಡುವ ಕೆಲಸ ಮೊಬೈಲ್ ತೆಗೆದು ಇಂಜಿನ್ ಕಟ್ ಬಟನ್ ಒತ್ತುವುದು. ಒತ್ತಿದರೆ ಗಾಡಿಯೊಳಗಿನ ರಿಲೇ ಅನ್ನುವ ಸ್ವಿಚ್ ದೂರದಿಂದಲೇ ಇಂಜಿನ್ ನಿಲ್ಲಿಸುತ್ತದೆ. ನನ್ನ ಎರ್ಟಿಗಾ ಕಳವಾದಾಗ ನಾನು ಒತ್ತಲಿಲ್ಲ. ಉಡುಪಿ ಸ್ಟ್ಯಾಂಡಿನಲ್ಲಿ ಎಲ್ಲರೂ ಬೈದರು. "ದುಡ್ಡು ಕೊಟ್ಟು ರಿಲೇ ಹಾಕಿಸಿದ್ದು ಎಂತಕ್ಕೆ ಮಾರಾಯ್ರೆ?" ಅಂತ ಕೇಳಿದರು. ಈಗ ಗಾಡಿ ಪುನಃ ಡ್ಯೂಟಿಗೆ ಹೋಗುತ್ತಿದೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಯಿತು, ಒಮ್ಮೆ ಬರೆದುಬಿಡುತ್ತೇನೆ.

ಒತ್ತದಿರಲು ಕಾರಣ ಒಬ್ಬ ಗೆಳೆಯನ ಡಿಜೈರ್. ಕೆಲವು ವರ್ಷದ ಹಿಂದೆ ಅದು ಕಳವಾದಾಗ ಸಾಸ್ತಾನ ದಾಟಿದ ಮೇಲೆ ಅವನು ಕಟ್ ಮಾಡಿದ. ಒಳ್ಳೆಯ ಡಿವೈಸ್ ಆದರೆ ವೇಗ ಇಳಿಯುವ ತನಕ ಕಾಯುತ್ತದೆ. ಅವನದ್ದು ಅಗ್ಗದ್ದು, ಕಾಯಲಿಲ್ಲ. ಓಡುವ ಗಾಡಿಯ ಇಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕ್ ಬಿಗಿಯಾಗುತ್ತದೆ, ನಿಮಗೆ ಗೊತ್ತಿದ್ದದ್ದೇ. ಕಳ್ಳರು ಹೇಗೋ ನಿಲ್ಲಿಸಿ ಇಳಿದು ಓಡಿದರು. ಲೈಟಿಲ್ಲದೆ ಹೆದ್ದಾರಿ 66ರ ನಡುವೆ ನಿಂತ ಗಾಡಿಗೆ ಹಿಂದಿನಿಂದ ಲಾರಿ ಬಂದು ತಾಗಿತು. ಗಾಡಿ ಸಿಕ್ಕಿತು ನಿಜ, ಹಿಂದಿನ ಅರ್ಧ ಇರಲಿಲ್ಲ. ಎಂಬತ್ತು ಸಾವಿರವೋ ತೊಂಬತ್ತೋ ಆಯಿತು. ಇನ್ನೊಬ್ಬರದ್ದು ಚಾರ್ಮಾಡಿಯಲ್ಲಿ ಕಟ್ ಆಯಿತು. ಕಳ್ಳರಿಗೆ ಒಳಗೆ ಡಿವೈಸ್ ಇದೆ ಅಂತ ಆಗ ತಿಳಿಯಿತು. ಹುಡುಕಿ ಕಿತ್ತು ಕಣಿವೆಗೆ ಎಸೆದು, ರಿಲೇ ವಯರನ್ನು ನೇರ ಜೋಡಿಸಿಕೊಂಡು ಹೋದರು. ಆ ಗಾಡಿ ಇವತ್ತಿಗೂ ಸಿಕ್ಕಿಲ್ಲ.

ನನ್ನ ಎರ್ಟಿಗಾದಲ್ಲಿ ಮೂರು ಡಿವೈಸ್ ಇದ್ದವು. ಒಂದು ಹಳದಿ ಬೋರ್ಡಿಗೆ ಕಡ್ಡಾಯವಾದ, ಪ್ಯಾನಿಕ್ ಬಟನ್ ಇರುವ ಎಐಎಸ್ 140 ಟ್ರ್ಯಾಕರ್. 2023ರಲ್ಲಿ ಸರ್ಕಾರ ಇಟ್ಟ ರೇಟು 7,599, ಮೇಲೆ ಜಿಎಸ್‌ಟಿ. ಅದು ಎಲ್ಲಿರುತ್ತದೆ ಅಂತ ನಮಗಿಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ಪ್ಯಾನಿಕ್ ಬಟನ್ ವಯರ್ ಹಿಡಿದು ಹೋದರೆ ಪೆಟ್ಟಿಗೆ ಸಿಗುತ್ತದೆ. ಎರಡನೆಯದು ಡ್ಯಾಶ್‌ಬೋರ್ಡ್ ಕೆಳಗಿನ ಮೂರು ಸಾವಿರದ್ದು, ರಿಲೇ ಇರುವಂಥದ್ದು. ಮೂರನೆಯದು ಬ್ಯಾಟರಿಯದ್ದು. ಗಾಡಿಯ ಯಾವ ವಯರಿಗೂ ಅದು ಸೇರಿಲ್ಲ. ದಿನಕ್ಕೆ ಕೆಲವೇ ಸಲ ಎಚ್ಚರವಾಗಿ ಒಂದು ಲೊಕೇಶನ್ ಕಳಿಸಿ ಮತ್ತೆ ಮಲಗುತ್ತದೆ. ಮಲಗಿದ್ದಾಗ ಸಿಗ್ನಲ್ ಬಿಡುವುದಿಲ್ಲ, ಹಾಗಾಗಿ ಸಿಗ್ನಲ್ ಹುಡುಕುವ ಯಂತ್ರ ತಂದರೂ ಸಿಗುವುದಿಲ್ಲ. ನಾಲ್ಕೂವರೆ ಸಾವಿರದ ಹತ್ತಿರ ಕೊಟ್ಟ ನೆನಪು. ಫಿಟ್ಟಿಂಗ್ ಮಾಡುವ ಹುಡುಗ "ಅಣ್ಣ, ಇದು ಸುಮ್ನೆ ಖರ್ಚು, ಲೈವ್ ಬರುವುದಿಲ್ಲ" ಅಂದಿದ್ದ. ಅದನ್ನು ಎಲ್ಲಿಟ್ಟಿದ್ದೇನೆ ಅಂತ ಅವನಿಗೂ ಹೇಳಲಿಲ್ಲ, ಡ್ರೈವರಿಗೂ ಹೇಳಿಲ್ಲ. ಇಲ್ಲಿಯೂ ಹೇಳುವುದಿಲ್ಲ.

ಗಾಡಿ ಹೋದದ್ದು ಕಂಕನಾಡಿಯಿಂದ. ಪೇಶೆಂಟ್ ಕಡೆಯವರನ್ನು ಕರೆದುಕೊಂಡು ಹೋದ ಡ್ಯೂಟಿ. ಡ್ರೈವರ್ ಲಾಡ್ಜಿನಲ್ಲಿ ಮಲಗಿದ್ದ, ಕೀ ಅವನ ದಿಂಬಿನ ಅಡಿಯಲ್ಲೇ ಇತ್ತು. ಕಳ್ಳರು ಗಾಜು ಒಡೆದು ಒಬಿಡಿ ಪೋರ್ಟಿನಿಂದ (ಗಾಡಿಯ ಕಂಪ್ಯೂಟರಿಗೆ ಮೆಷಿನ್ ಜೋಡಿಸುವ ಜಾಗ) ಹೊಸ ಕೀ ಪ್ರೋಗ್ರಾಂ ಮಾಡಿಕೊಂಡಿದ್ದರಂತೆ. ರಾತ್ರಿ ಎರಡರ ಸುಮಾರಿಗೆ ನನ್ನ ಮೊಬೈಲಿಗೆ ಇಗ್ನಿಷನ್ ಆನ್ ಅಂತ ಬಂತು. ಡ್ರೈವರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೆ, ಆಮೇಲೆ 112. ಗಾಡಿ ನಂಬರ್, ಬಣ್ಣ, ಯಾವ ಕಡೆ ಹೋಗುತ್ತಿದೆ, ಇಷ್ಟೇ ಹೇಳಬೇಕು. ಜಿಪಿಎಸ್ ಪಾಠ ಶುರು ಮಾಡಿದರೆ ಆ ಕಡೆಯವರಿಗೂ ಗೊಂದಲ.

ಪಂಪ್‌ವೆಲ್, ಪಡೀಲ್, ಫರಂಗಿಪೇಟೆ. ಮ್ಯಾಪಿನಲ್ಲಿ ಚುಕ್ಕಿ ಆರಾಮವಾಗಿ ಹೋಗುತ್ತಿತ್ತು. ಬ್ರಹ್ಮರಕೂಟ್ಲು ಟೋಲ್ ದಾಟಿದ ಮೇಲೆ ಫಾಸ್ಟ್ಯಾಗ್ ಮೆಸೇಜ್ ಬಂತು. ಇದೊಂದು ನೆನಪಿಡಿ. ಗಾಡಿ ಹೋಯಿತು ಅಂತ ಗಾಬರಿಯಲ್ಲಿ ಫಾಸ್ಟ್ಯಾಗ್ ಬ್ಲಾಕ್ ಮಾಡಿಸುವವರಿದ್ದಾರೆ. ಮಾಡಿಸಬೇಡಿ, ಅದರಲ್ಲಿ ಬ್ಯಾಲೆನ್ಸ್ ಇರಲಿ. ಟೋಲಿನ ಹೆಸರು, ಸಮಯ ಎರಡೂ ಪುಕ್ಕಟೆ ಸಿಗುತ್ತದೆ. ಆ ಮೆಸೇಜಿನ ಸಮಯ ಹಿಡಿದೇ ಪೊಲೀಸರು ಟೋಲಿನ ಕ್ಯಾಮೆರಾ ತೆಗೆಸಿದರು. ನಮ್ಮ ಗಾಡಿಯ ಬೆನ್ನಿಗೇ ಒಂದು ಸ್ವಿಫ್ಟ್ ಹೋಗುತ್ತಿದ್ದದ್ದು ಕಂಡಿತು.

ಕಲ್ಲಡ್ಕ ದಾಟಿ ಸ್ವಲ್ಪ ದೂರದಲ್ಲಿ ಎರಡೂ ವಯರಿನ ಡಿವೈಸ್ ಒಟ್ಟಿಗೆ ಸತ್ತವು. ಪವರ್ ಕಟ್ ಅಲರ್ಟ್ ಬಂತು, ಐದು ನಿಮಿಷದಲ್ಲಿ ಅದೂ ಇಲ್ಲ. ಎಲ್ಲರೂ ಒಂದೇ ಮಾತು: ಶಿರಾಡಿ ಹತ್ತಿತು, ಬೆಳಗಾಗುವಾಗ ಹಾಸನ, ಮಧ್ಯಾಹ್ನಕ್ಕೆ ಬಿಡಿ ಭಾಗ.

ನಾನು ಅಷ್ಟರಲ್ಲಿ ಉಡುಪಿಯಿಂದ ಹೊರಟು ಮಂಗಳೂರಿನ ಠಾಣೆಯಲ್ಲಿದ್ದೆ. ಯಾವ ಠಾಣೆ ಅಂತ ಬೇಡ. "ಲೊಕೇಶನ್ ಬರ್ತದಲ್ಲ ಮಾರಾಯ್ರೆ, ನೀವೇ ಹೋಗಿ ತಗೊಂಡು ಬನ್ನಿ" ಅಂದರು ಒಬ್ಬರು. "ಸರ್, ನಾನು ಹೋದರೆ ಒಂದೋ ಪೆಟ್ಟು ತಿಂತೇನೆ, ಇಲ್ಲದಿದ್ದರೆ ಅವರು ಓಡ್ತಾರೆ. ಎಫ್‌ಐಆರ್ ಮಾಡಿ, ಲಿಂಕ್ ನಿಮ್ಮ ಫೋನಿಗೇ ಕೊಡ್ತೇನೆ" ಅಂದೆ. ಬಿಎನ್‌ಎಸ್ 303, ಅಂದರೆ ಕಳವಿನ ಸೆಕ್ಷನ್, ಹಾಕಿಸಿಕೊಂಡೇ ಎದ್ದೆ. ಆರ್‌ಸಿ, ಇನ್ಶೂರೆನ್ಸ್, ಇಂಜಿನ್ ಮತ್ತು ಚಾಸಿಸ್ ನಂಬರ್, ಡಿವೈಸ್ ಬಿಲ್ಲು, ಅದರ ಐಎಂಇಐ, ಎಲ್ಲದರ ಫೋಟೋ ನನ್ನ ಮೊಬೈಲಿನಲ್ಲಿ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಗಾಡಿ ಒಳಗಿನ ಡ್ರಾದಲ್ಲಿ ಇಟ್ಟಿದ್ದರೆ ಅದೂ ಕಳ್ಳರ ಜೊತೆಗೇ ಹೋಗುತ್ತಿತ್ತು.

ಆಮೇಲೆ ಕಾಯುವುದೇ ಕೆಲಸ. ಬ್ಯಾಟರಿ ಡಿವೈಸ್ ಏಳುವ ಹೊತ್ತು ಬೆಳಗಿನ ಆರು. ಐದು ನಿಮಿಷಕ್ಕೊಮ್ಮೆ ಲೊಕೇಶನ್ ಕೊಡು ಅಂತ ಕಮಾಂಡ್ ಮೊದಲೇ ಹಾಕಿಟ್ಟೆ. ಅದು ಸರ್ವರಿನಲ್ಲಿ ಕೂತಿರುತ್ತದೆ, ಡಿವೈಸ್ ಎದ್ದ ಕೂಡಲೇ ತಗೊಳ್ಳುತ್ತದೆ. ಆರು ಕಳೆದು ಹತ್ತು ನಿಮಿಷಕ್ಕೆ ಬಂತು. ಹಾಸನವೂ ಅಲ್ಲ, ಸಕಲೇಶಪುರವೂ ಅಲ್ಲ. ಗಾಡಿ ಮಾಣಿಯಲ್ಲಿ ಪುತ್ತೂರು ಕಡೆ ತಿರುಗಿ, ಕಬಕದಿಂದ ವಿಟ್ಲ ರಸ್ತೆ ಹಿಡಿದು ನಿಂತಿತ್ತು. ಅಲ್ಲಿಂದ ಕೇರಳ ಗಡಿ ಹತ್ತಿರವೇ. ಕದ್ದ ಗಾಡಿಯನ್ನು ಒಂದೆರಡು ದಿನ ಎಲ್ಲಿಯಾದರೂ ನಿಲ್ಲಿಸಿ, ಯಾರಾದರೂ ಹುಡುಕಿ ಬರುತ್ತಾರಾ ಅಂತ ನೋಡುವುದು ಇವರ ಹಳೆಯ ಕ್ರಮ. ಬಿಸಿ ಆರಿದ ಮೇಲೆ ದಾಟಿಸುತ್ತಾರೆ. ನನ್ನ ಲೆಕ್ಕ ಪೂರ್ತಿ ಇದರ ಮೇಲೇ ಇತ್ತು. ಕಟ್ ಮಾಡಿದ್ದರೆ ಅವರು ನಿಲ್ಲಿಸುತ್ತಲೇ ಇರಲಿಲ್ಲ.

ಆದರೆ ಬಂದ ಲೊಕೇಶನ್ ಸ್ಯಾಟಲೈಟಿನದ್ದಲ್ಲ, ಮೊಬೈಲ್ ಟವರಿನದ್ದು. ಗಾಡಿ ತಗಡು ಶೀಟಿನ ಮಾಡಿನ ಕೆಳಗಿದ್ದರೆ ಹೀಗೆಯೇ ಆಗುವುದು. ಮ್ಯಾಪಿನಲ್ಲಿ ಒಂದೂವರೆ ಕಿಲೋಮೀಟರಿನ ದೊಡ್ಡ ವೃತ್ತ. ಒಳಗೆಲ್ಲ ಅಡಿಕೆ ತೋಟ. ಸ್ಯಾಟಲೈಟ್ ಮ್ಯಾಪ್ ಹಾಕಿ, ಆ ವೃತ್ತದೊಳಗೆ ಎರ್ಟಿಗಾ ಹೋಗುವಷ್ಟು ಅಗಲದ ದಾರಿ ಎಷ್ಟು ಅಂತ ಗುರುತು ಹಾಕಿದೆ. ಹೆಚ್ಚೇನೂ ಇರಲಿಲ್ಲ. ಉಳಿದದ್ದೆಲ್ಲ ರಿಕ್ಷಾ, ಜೀಪಿನ ದಾರಿ. ಇಷ್ಟರಲ್ಲಿ ಇನ್ನೊಂದು ರಗಳೆ. ಎಫ್‌ಐಆರ್ ಮಂಗಳೂರು ನಗರದ ಪೊಲೀಸ್ ಕಮಿಷನರೇಟಿನದ್ದು, ಗಾಡಿ ಇರುವುದು ಜಿಲ್ಲಾ ಪೊಲೀಸರ ವ್ಯಾಪ್ತಿ. ಅವರು ಇವರಿಗೆ ಹೇಳಿ, ಇವರು ಅವರಿಗೆ ಹೇಳಿ ಅರ್ಧ ದಿನ ಹೋಯಿತು. ಕೊನೆಗೆ ಅಲ್ಲಿಯ ಬೀಟ್ ಪೊಲೀಸ್ ಒಬ್ಬರು ಹಾಲಿನ ಡೈರಿಯಲ್ಲಿ ಸುಮ್ನೆ ವಿಚಾರಿಸಿದರು. ಅಡಿಕೆ ಸುಲಿಯುವ ಹಳೆ ಶೆಡ್ಡಿಗೆ ರಾತ್ರಿ ಕಾರು ಬಂದದ್ದನ್ನು ಹಾಲು ತರುವವರೊಬ್ಬರು ನೋಡಿದ್ದರು. ನಾನು ಹಾಕಿದ ಗುರುತಿನಲ್ಲಿ ಅದು ಎರಡನೇ ದಾರಿ. ಸಂಜೆ ತನಕ ಮಫ್ತಿಯಲ್ಲಿ ಕಾದರು, ಗಾಡಿಗೆ ಹಾಕಲು ಬೇರೆ ನಂಬರ್ ಪ್ಲೇಟ್ ತಂದ ಇಬ್ಬರು ಸಿಕ್ಕಿದರು.

ಗಾಡಿ ಸಿಕ್ಕ ಮೇಲೆಯೇ ನಿಜವಾದ ಖರ್ಚು. ಕೇಸಿನ ಮಾಲು ಅಂತ ಠಾಣೆ ಅಂಗಳದಲ್ಲಿ ನಿಂತಿತು. ಬಿಎನ್‌ಎಸ್‌ಎಸ್, ಅಂದರೆ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ, 503ನೇ ಸೆಕ್ಷನಿನಲ್ಲಿ ಕೋರ್ಟಿಗೆ ಅರ್ಜಿ ಹಾಕಬೇಕು, ಬಾಂಡ್ ಕೊಡಬೇಕು. ಗಾಡಿಗಳನ್ನು ಠಾಣೆಯಲ್ಲಿ ಕೊಳೆಸಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿದೆ. ವಕೀಲರಿಗೆ ಅದನ್ನು ನೆನಪಿಸಿ. ವಕೀಲರಿಗೆ ಏಳೆಂಟು ಸಾವಿರ, ಗಾಜು, ಲಾಕ್ ಸೆಟ್, ವಯರಿಂಗ್ ಸೇರಿ ಮೂವತ್ತರ ಹತ್ತಿರ. ತಿಂಗಳಿನಷ್ಟು ಬಾಡಿಗೆ ಹೋದದ್ದು, ಇಎಂಐ ಕಟ್ಟಿದ್ದು ಬೇರೆ. ರೂಟ್ ಹಿಸ್ಟರಿಯನ್ನು ಅದೇ ದಿನ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿಡಿ. ಕೆಲವು ಕಂಪೆನಿಯವರು ಕೆಲವೇ ತಿಂಗಳಲ್ಲಿ ಅಳಿಸುತ್ತಾರೆ. ಕೋರ್ಟಿಗೆ ಅದು ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನಿನಲ್ಲಿ ಡಿಜಿಟಲ್ ದಾಖಲೆಗೆ ಕೊಡುವ ಸರ್ಟಿಫಿಕೇಟ್ ಬೇಕು.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳುತ್ತೇನೆ. ಹಳೆಯ ಮೊಬೈಲ್ ಒಂದನ್ನು ಸೀಟಿನ ಅಡಿ ಇಟ್ಟು ನೋಡಿದೆ. ಮಲ್ಪೆ ಬೀಚಿನಲ್ಲಿ ಬಿಸಿಲಿಗೆ ನಿಂತ ಗಾಡಿಯಲ್ಲಿ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತು. ಏರ್‌ಟ್ಯಾಗ್ (ಹತ್ತಿರದ ಐಫೋನುಗಳ ಮೂಲಕ ಜಾಗ ತಿಳಿಸುವ ಆಪಲ್ ಬಿಲ್ಲೆ) ಮಂಗಳೂರು ಪೇಟೆಯಲ್ಲಿ ಚಂದ ಕೆಲಸ ಮಾಡುತ್ತದೆ. ಆಗುಂಬೆ, ಕೊಲ್ಲೂರು ಕಡೆ ಹತ್ತಿರ ಐಫೋನ್ ಸುಳಿಯದೆ ಗಂಟೆಗಟ್ಟಲೆ ಸುದ್ದಿ ಇಲ್ಲ. ಅದಕ್ಕಿಂತ ಜಾಸ್ತಿ, ನಿಮ್ಮ ಜೊತೆ ಟ್ಯಾಗ್ ಬರುತ್ತಿದೆ ಅಂತ ಕಳ್ಳನ ಫೋನಿಗೇ ಎಚ್ಚರಿಕೆ ಕೊಡುತ್ತದೆ, ಈಗ ಆಂಡ್ರಾಯ್ಡಿಗೂ ಹೋಗುತ್ತದೆ. ಬಾನೆಟ್ ಒಳಗೆ ಇಟ್ಟ ಡಿವೈಸಿನ ಕನೆಕ್ಟರ್ ಒಂದು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯಿತು. ನಮ್ಮ ಉಪ್ಪುಗಾಳಿಗೆ ಗ್ರೀಸ್ ಹಚ್ಚದೆ ಉಳಿಯುವುದಿಲ್ಲ. 2ಜಿ ಡಿವೈಸಿಗೆ ಜಿಯೋ ಸಿಮ್ ಹಾಕಿ "ನೆಟ್‌ವರ್ಕ್ ಇಲ್ಲ" ಅಂತ ಬೈಯುವವರು ಈಗಲೂ ಇದ್ದಾರೆ. ಜಿಯೋದಲ್ಲಿ 2ಜಿಯೇ ಇಲ್ಲ.

ಇನ್ಶೂರೆನ್ಸಿಗೆ ಆ ಬೆಳಿಗ್ಗೆಯೇ ಈಮೇಲ್ ಮಾಡಿದ್ದೆ. ಎಫ್‌ಐಆರ್ ಕೂಡಲೇ ಆಗಿದ್ದರೆ ಕಂಪೆನಿಗೆ ತಿಳಿಸಲು ತಡವಾಯಿತು ಅಂತ ಮಾತ್ರಕ್ಕೆ ಕ್ಲೇಮ್ ತಳ್ಳುವ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ಜಗಳ ಯಾಕೆ ಅಲ್ವಾ. ಎರಡೂ ಕೀ ಕೇಳುತ್ತಾರೆ, ತೆಗೆದಿಡಿ. ಬ್ಯಾಟರಿ ಡಿವೈಸಿನ ಸಿಮ್ ರೀಚಾರ್ಜ್ ವರ್ಷಕ್ಕೆ ಸಾವಿರದ ಆಸುಪಾಸು. ಈಗ ಸ್ಟ್ಯಾಂಡಿನವರು ಅದೇ ಡಿವೈಸ್ ಕೇಳಿಕೊಂಡು ಬರುತ್ತಿದ್ದಾರೆ. ಫಿಟ್ಟಿಂಗ್ ಹುಡುಗ ರೇಟು ಐನೂರು ಏರಿಸಿದ್ದಾನೆ.