ಅಚ್ಚು ಬೆಲ್ಲ ‘ಅಚು ಬೆಲ’ ಆದ ಕಥೆ

ಮಂಡ್ಯದ ಒಂದು ಆಲೆಮನೆಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮೈಸೂರಿನ ನನ್ನ ರೂಮಿನ ದೊಡ್ಡ ಮಾನಿಟರ್‌ನಲ್ಲಿ ಅದು ಬಲು ಚೆಂದ ಕಾಣುತ್ತಿತ್ತು. ಮೇಲ್ಗಡೆ ಕಬ್ಬಿನ ಗದ್ದೆ, ಕೊಪ್ಪರಿಗೆ, ಬೆಲ್ಲದಚ್ಚು, ಒಂದಾದ ಮೇಲೊಂದು ಜಾರುವ ಮೂರು ಫೋಟೋ. ಒಂದು ತಿಂಗಳಾದರೂ ಒಂದೂ ಆರ್ಡರ್ ಬರಲಿಲ್ಲ.

ಭಾನುವಾರ ಮಂಡ್ಯದ ದೊಡ್ಡಮ್ಮನ ಮನೆಗೆ ಹೋದೆ. ಅವರದೇ ಹಳೇ ಫೋನಿನಲ್ಲಿ ಸೈಟ್ ತೆರೆದುಕೊಟ್ಟು, ‘ಎರಡು ಕೆಜಿ ಬೆಲ್ಲ ಆರ್ಡರ್ ಮಾಡಿ ನೋಡೋಣ ದೊಡ್ಡಮ್ಮಾ’ ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ಇದೇ ಕಷ್ಟದ ಕೆಲಸ. ‘ಅಲ್ಲಿ ಒತ್ತಿ’ ಅನ್ನೋಕೆ ನಾಲಿಗೆ ತುರಿಸುತ್ತಿರುತ್ತದೆ.

ಫೋಟೋ ಒಂದೊಂದೂ 5 ಎಂಬಿ, ಕ್ಯಾಮೆರಾದಿಂದ ಇಳಿಸಿದ್ದನ್ನು ಹಾಗೇ ಹಾಕಿದ್ದೆ. ಅದು ಬರುವಷ್ಟರಲ್ಲಿ ದೊಡ್ಡಮ್ಮ ಒಲೆ ಮೇಲಿನ ಹಾಲು ನೋಡಿಕೊಂಡು ಬಂದರು.

‘ಇದೇನ್ ಮಗಾ, ಅಚು ಬೆಲ ಅಂತ ಬರ್ದಿದ್ದೀಯ?’

ಬಗ್ಗಿ ನೋಡಿದೆ. ನಿಜ. ಒತ್ತಕ್ಷರಗಳೆಲ್ಲ ಮಾಯ! ನಾನು ಡಿಸೈನ್ ಮಾಡಿದ್ದು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು. ಬೆಲ್ಲದ ಹೆಸರು ಕೂರುವ ಚೌಕಕ್ಕೆ ಇಷ್ಟೇ ಎತ್ತರ ಅಂತ ಕಟ್ಟುಹಾಕಿ, ಹೊರಗೆ ಚಾಚಿದ್ದನ್ನು ಮರೆಮಾಡು ಅಂತ ಕೋಡ್ ಬರೆದಿದ್ದೆ. ಇಂಗ್ಲಿಷ್‌ನಲ್ಲಿ ಜಿ, ವೈ ತರದ ಕೆಲವಕ್ಕೆ ಮಾತ್ರ ಚಿಕ್ಕ ಬಾಲ. ನಮ್ಮ ಒತ್ತು ಹಾಗಲ್ಲ, ಸಾಲಿನ ಕೆಳಗೆ ಇನ್ನೊಂದು ಮಹಡಿಯೇ ಬೇಕು ಅದಕ್ಕೆ. ಎತ್ತರದ ಕಟ್ಟು ತೆಗೆದು, ಲೈನ್ ಹೈಟ್ (ಅಕ್ಷರದ ಗಾತ್ರದ ಎಷ್ಟು ಪಟ್ಟು ಎತ್ತರ ಒಂದು ಸಾಲಿಗೆ ಅನ್ನೋದು) 1.2 ಇದ್ದದ್ದನ್ನು 1.7 ಮಾಡಿದ ಮೇಲೆ ಬೆಲ್ಲ ಮತ್ತೆ ಬೆಲ್ಲ ಆಯಿತು. ಕನ್ನಡದವನಾಗಿ ನಾನೇ ಇದನ್ನು ನೋಡಲಿಲ್ಲವಲ್ಲ ಅಂತ ಈಗಲೂ ನಾಚಿಕೆ.

ಆಮೇಲೆ ವಿಳಾಸದ ಫಾರ್ಮ್. ದೊಡ್ಡಮ್ಮ ಪಿನ್‌ಕೋಡ್ ಅನ್ನು ‘571 401’ ಅಂತ ನಡುವೆ ಜಾಗ ಬಿಟ್ಟು ಹಾಕಿದರು. ‘ತಪ್ಪು ಮಾಹಿತಿ’ ಅಂತ ಕೆಂಪಕ್ಷರ ಬಂತು. ಯಾವುದು ತಪ್ಪು ಅಂತ ಹೇಳಲಿಲ್ಲ. ಅಷ್ಟು ಹೊತ್ತು ಒಂದೇ ಬೆರಳಲ್ಲಿ ಕುಟ್ಟಿದ್ದ ವಿಳಾಸವೂ ಅಳಿಸಿಹೋಯಿತು. ಆ ಖಾಲಿ ಜಾಗವನ್ನು ನಾನು ಬರೆದ ಕೋಡೇ ತೆಗೆದುಹಾಕಬಹುದಿತ್ತು. ಒಂದೇ ಸಾಲಿನ ಕೆಲಸ.

‘ತಗೋ ನಿನ್ ಫಾರಮ್ಮು. ಅವ್ರ ಫೋನ್ ನಂಬರ್ ಎಲ್ಲದೆ ಹೇಳು, ನಾನೇ ಕೇಳ್ತೀನಿ.’

ನಂಬರ್ ತೀರಾ ಕೆಳಗಿತ್ತು, ಅದೂ ಬಿಳಿ ಮೇಲೆ ತೆಳು ಬೂದು ಬಣ್ಣದಲ್ಲಿ. ಓದಲು ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ, ವೆಬ್‌ಸೈಟ್ ಎಲ್ಲರಿಗೂ ಬಳಸಲು ಆಗುವಂತಿರಲು ಮಾಡಿರುವ ಡಬ್ಲ್ಯೂಸಿಎಜಿ ನಿಯಮ ಹೇಳುತ್ತದೆ. ಆಮೇಲೆ ಅಳೆದು ನೋಡಿದರೆ ನನ್ನದು ಬರೀ 2.3. ಸಾಲದ್ದಕ್ಕೆ ನಂಬರ್ ಇದ್ದದ್ದು ಚಿತ್ರದೊಳಗೆ. ಒತ್ತಿದರೆ ಕರೆ ಹೋಗಬೇಕಲ್ವಾ? ಹೋಗಲಿಲ್ಲ.

ರಾತ್ರಿ ಕೂತು ಎಲ್ಲ ಸರಿಮಾಡಿದೆ. ಜಾರುವ ಫೋಟೋ ತೆಗೆಯಲು ಆಲೆಮನೆ ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ‘ಓಡ್ತಿದ್ರೆ ಚೆಂದ ಕಣಪ್ಪ’ ಅಂದರು. ಕೊನೆಗೆ ಒಂದೇ ಫೋಟೋ ಉಳಿಯಿತು, ಅದನ್ನು 120 ಕೆಬಿಗೆ ಇಳಿಸಿದೆ. ನಂಬರ್ ಮೇಲಕ್ಕೆ ಬಂತು.

ಎರಡು ವಾರ ಬಿಟ್ಟು ಮತ್ತೆ ದೊಡ್ಡಮ್ಮನ ಕೈಗೆ ಫೋನ್ ಕೊಟ್ಟೆ. ಅಷ್ಟು ಕಷ್ಟಪಟ್ಟು ತಿದ್ದಿದ ಫಾರ್ಮನ್ನು ಅವರು ಮುಟ್ಟಲೇ ಇಲ್ಲ. ಸೀದಾ ನಂಬರ್ ಒತ್ತಿ, ‘ಎರಡ್ ಕೆಜಿ ಕಳ್ಸಪ್ಪಾ, ಬಣ್ಣ ಜಾಸ್ತಿ ಬೆಳ್ಳಗಿರೋದು ಬ್ಯಾಡ’ ಅಂದರು.